ಕನ್ನಡಕ ಬಿಡಿಸುವ ಶಸ್ತ್ರಚಿಕಿತ್ಸೆ: ಅಲಗಿನಿಂದ ಲೇಸರ್‌ವರೆಗೆ

ಕಣ್ಣಿನೊಳಗೆ ಬರುವ ಬೆಳಕನ್ನು ಬಾಗಿಸಿ ರೆಟಿನಾದ ಮೇಲೆ ಕೂಡಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಾರ್ನಿಯಾದ್ದು. ಕಪ್ಪುಗುಡ್ಡೆಯ ಮುಂದಿರುವ ಈ ಪಾರದರ್ಶಕ ಪಟಲದ ನಡುಭಾಗದ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಕಣ್ಣಿನ ಉದ್ದಕ್ಕೆ ಹೋಲಿಸಿದರೆ ಅದರ ಉಬ್ಬು ಜಾಸ್ತಿಯಾಗಿದ್ದಾಗ ಬಿಂಬ ರೆಟಿನಾಕ್ಕಿಂತ ಮುಂಚೆಯೇ ಮೂಡುತ್ತದೆ, ದೂರದ್ದು ಮಸುಕಾಗುತ್ತದೆ. ಉಬ್ಬು ಸಾಲದಾದಾಗ ಹತ್ತಿರದ್ದು ಮಸುಕಾಗುತ್ತದೆ. ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದು ದಿಕ್ಕಿನಲ್ಲಿ ಕಡಿಮೆ ಬಾಗಿದ್ದರೆ ಅದು ಅಸ್ಟಿಗ್ಮ್ಯಾಟಿಸಂ. ಈ ಏರುಪೇರನ್ನು ಕನ್ನಡಕ ಹೊರಗಿನಿಂದ ಸರಿದೂಗಿಸುತ್ತದೆ. ಶಸ್ತ್ರಚಿಕಿತ್ಸೆ ಕಾರ್ನಿಯಾದ ಆಕಾರವನ್ನೇ ತಿದ್ದಲು ಹೊರಡುತ್ತದೆ.

ತಿದ್ದುವುದೆಂದರೆ ಗಾಯ ಮಾಡುವುದು. ಕಾರ್ನಿಯಾದ ಎಲ್ಲ ಪದರಗಳೂ ಗಾಯವನ್ನು ಒಂದೇ ರೀತಿ ತಾಳಿಕೊಳ್ಳುವುದಿಲ್ಲ. ಎಲ್ಲಕ್ಕೂ ಮೇಲಿನ, ಸುಮಾರು 50 ಮೈಕ್ರಾನ್ ದಪ್ಪದ ಎಪಿಥೀಲಿಯಂ ಸದಾ ಹೊಸದಾಗುತ್ತಲೇ ಇರುವ ಚರ್ಮ. ಕೆರೆದು ತೆಗೆದರೂ ಮೂರು–ನಾಲ್ಕು ದಿನಗಳಲ್ಲಿ ಅಂಚಿನಿಂದ ಬೆಳೆದುಕೊಂಡು ಬಂದು ಮುಚ್ಚಿಕೊಳ್ಳುತ್ತದೆ. ಅದರ ಕೆಳಗಿನ ಸ್ಟ್ರೋಮಾ ಒಟ್ಟು ದಪ್ಪದ ನೂರಕ್ಕೆ ತೊಂಬತ್ತು ಭಾಗ. ಅಲ್ಲಿ ಕೊಲಾಜೆನ್ ಎಳೆಗಳು ಎಷ್ಟು ಅಚ್ಚುಕಟ್ಟಾಗಿ ಜೋಡಿಸಿಕೊಂಡಿವೆಯೆಂದರೆ ಬೆಳಕು ತಡೆಯಿಲ್ಲದೆ ಹಾದುಹೋಗುತ್ತದೆ. ಗಾಯವಾದ ಮೇಲೆ ಹುಟ್ಟುವ ಎಳೆಗಳಿಗೆ ಆ ಅಚ್ಚುಕಟ್ಟಿಲ್ಲ, ಹಾಗಾಗಿ ಬಿಳಿಯ ಕಲೆ ಉಳಿಯಬಹುದು. ಎಲ್ಲಕ್ಕೂ ಒಳಗಿನ ಎಂಡೋಥೀಲಿಯಂ ಒಂದೇ ಒಂದು ಸಾಲು ಜೀವಕೋಶಗಳ ಪದರ. ಸ್ಟ್ರೋಮಾಕ್ಕೆ ಸೇರುವ ನೀರನ್ನು ಹಗಲಿರುಳೂ ಹೊರಗೆ ಹಾಕಿ ಕಾರ್ನಿಯಾವನ್ನು ತಿಳಿಯಾಗಿಡುವುದು ಇದೇ. ಮನುಷ್ಯರಲ್ಲಿ ಈ ಕೋಶಗಳು ಸತ್ತರೆ ಅವುಗಳ ಜಾಗಕ್ಕೆ ಹೊಸವು ಹುಟ್ಟುವುದಿಲ್ಲ. ಇಡೀ ಪಟಲದಲ್ಲಿ ರಕ್ತನಾಳಗಳಿಲ್ಲ; ನರಗಳು ಮಾತ್ರ ದೇಹದ ಬೇರೆಲ್ಲೂ ಇಲ್ಲದಷ್ಟು ಒತ್ತಾಗಿವೆ. ಕನ್ನಡಕ ಬಿಡಿಸುವ ಶಸ್ತ್ರಚಿಕಿತ್ಸೆಯ ಇತಿಹಾಸ ಬಹುಪಾಲು ಈ ಪದರಗಳ ಗಾಯ ಹೇಗೆ ಮಾಯುತ್ತದೆ, ಯಾವುದು ಮಾಯುವುದೇ ಇಲ್ಲ ಎಂಬುದನ್ನು ಕಲಿತ ಇತಿಹಾಸ. ಆ ಪಾಠಕ್ಕೆ ಹಲವು ಸಲ ಬೆಲೆ ತೆತ್ತವರು ರೋಗಿಗಳು. ಇಂದು ಆಸ್ಪತ್ರೆಯಿಂದ ಹೊರಡುವಾಗ ಕೈಗೆ ಸಿಗುವ ಸೂಚನೆಗಳ ಚೀಟಿಯಲ್ಲಿ ಈ ಹಿಂದಿನ ಕಥೆಯಿಲ್ಲದ ಸಾಲು ಕಡಿಮೆ.

ನೆದರ್‌ಲೆಂಡ್ಸಿನ ಲೆಂಡರ್ಟ್ ಯಾನ್ ಲಾನ್ಸ್ ಎಂಬ ವೈದ್ಯ 1898ರಲ್ಲಿ ಮೊಲಗಳ ಕಾರ್ನಿಯಾದ ಮೇಲೆ ಗೀರು ಹಾಕಿ ಅದರ ಬಾಗು ಹೇಗೆ ಬದಲಾಗುತ್ತದೆಂದು ಬರೆದ. ಗೀರಿನ ಆಳ, ದಿಕ್ಕು, ಉದ್ದಗಳಿಗೂ ಆಗುವ ಬದಲಾವಣೆಗೂ ಸಂಬಂಧವಿದೆ ಎಂಬ ಅವನ ಮಾತು ಸರಿಯಾಗಿಯೇ ಇತ್ತು. ಆದರೆ ಅದನ್ನು ಮನುಷ್ಯರ ಮೇಲೆ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸುವ ಧೈರ್ಯ ಬಂದದ್ದು ನಾಲ್ಕು ದಶಕಗಳ ನಂತರ, ಜಪಾನಿನಲ್ಲಿ.

ತೋಕಿಯೋದ ಜುಂಟೆಂಡೊ ವಿಶ್ವವಿದ್ಯಾಲಯದ ತ್ಸುತೊಮು ಸಾಟೊ ಕೆರಟೋಕೋನಸ್ ರೋಗಿಗಳಲ್ಲಿ ಒಂದು ವಿಚಿತ್ರ ಗಮನಿಸಿದ. ಕಾರ್ನಿಯಾ ಶಂಕುವಿನಂತೆ ಚೂಪಾಗುವ ಈ ಕಾಯಿಲೆಯಲ್ಲಿ ಕೆಲವೊಮ್ಮೆ ಒಳಪೊರೆ ಹರಿದು ಮತ್ತೆ ಕೂಡಿಕೊಳ್ಳುತ್ತದೆ. ಹಾಗೆ ಕೂಡಿಕೊಂಡ ಮೇಲೆ ಕಾರ್ನಿಯಾ ಮೊದಲಿಗಿಂತ ಚಪ್ಪಟೆಯಾಗಿರುತ್ತಿತ್ತು. ಒಳಗಿನಿಂದಲೂ ಹೊರಗಿನಿಂದಲೂ ಬೇಕೆಂದೇ ಗೀರು ಹಾಕಿದರೆ ಸಮೀಪದೃಷ್ಟಿ ದೋಷ ತಗ್ಗಬೇಕಲ್ಲ ಎಂಬುದು ಅವನ ತರ್ಕ. 1930ರ ದಶಕದ ಕೊನೆಯಿಂದ 1950ರ ದಶಕದವರೆಗೆ ನೂರಾರು ಕಣ್ಣುಗಳ ಮೇಲೆ ಅವನೂ ಅವನ ಸಹೋದ್ಯೋಗಿಗಳೂ ಇದನ್ನು ಮಾಡಿದರು. ಮೊದಮೊದಲ ಫಲಿತಾಂಶ ಚೆನ್ನಾಗಿಯೇ ಇತ್ತು. ಎಂಡೋಥೀಲಿಯಂ ಏನು ಮಾಡುತ್ತದೆ, ಅದು ಮತ್ತೆ ಬೆಳೆಯುತ್ತದೆಯೇ ಎಂಬುದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಒಳಗೀರುಗಳಿಂದ ಸತ್ತ ಕೋಶಗಳ ಕೊರತೆಯನ್ನು ಉಳಿದವು ವರ್ಷಗಟ್ಟಲೆ ತುಂಬಿಕೊಟ್ಟವು, ಆಮೇಲೆ ಕೈಚೆಲ್ಲಿದವು. ಸುಮಾರು ಎರಡು ದಶಕಗಳ ನಂತರ ಆ ರೋಗಿಗಳಲ್ಲಿ ಬಹುಮಂದಿಯ ಕಾರ್ನಿಯಾ ನೀರು ತುಂಬಿ ಊದಿಕೊಂಡು ಮಬ್ಬಾಯಿತು. ಇಷ್ಟು ತಡವಾಗಿ ಕಾಣಿಸಿಕೊಳ್ಳುವ ಹಾನಿ ಶಸ್ತ್ರಚಿಕಿತ್ಸೆಗಳಲ್ಲಿ ಅಪರೂಪ. ಕಣ್ಣಿನ ವಿಷಯದಲ್ಲಿ ಒಂದು ವರ್ಷದ ಫಲಿತಾಂಶ ನೋಡಿ ತೀರ್ಪು ಕೊಡಬಾರದೆಂಬ ಎಚ್ಚರಕ್ಕೆ ಸಾಟೊನ ರೋಗಿಗಳೇ ಇಂದಿಗೂ ಉದಾಹರಣೆ.

ಮಾಸ್ಕೋದ ಸ್ವ್ಯಾತೊಸ್ಲಾವ್ ಫ್ಯೊದರೊವ್ 1970ರ ದಶಕದಲ್ಲಿ ಇದೇ ದಾರಿಯನ್ನು ಒಳಪೊರೆ ಮುಟ್ಟದೆ ಹಿಡಿದ. ಪುಟ್ಟ ಹುಡುಗನೊಬ್ಬನ ಕನ್ನಡಕ ಒಡೆದು ಗಾಜಿನ ಚೂರುಗಳು ಕಾರ್ನಿಯಾವನ್ನು ಗೀರಿದವು, ಗಾಯ ಮಾಯ್ದ ಮೇಲೆ ಅವನಿಗೆ ಕನ್ನಡಕದ ಅಗತ್ಯವೇ ಕಡಿಮೆಯಾಯಿತು, ಅದನ್ನು ನೋಡಿ ಫ್ಯೊದರೊವ್‌ಗೆ ಹೊಳೆಯಿತು ಎಂಬುದು ಪ್ರಚಾರದಲ್ಲಿರುವ ಕಥೆ. ಅವನ ರೇಡಿಯಲ್ ಕೆರಟಾಟಮಿಯಲ್ಲಿ ಕಾರ್ನಿಯಾದ ನಡುಭಾಗವನ್ನು ಬಿಟ್ಟು ಅಲ್ಲಿಂದ ಅಂಚಿನ ಕಡೆಗೆ ಎಲ್ಲ ದಿಕ್ಕಿಗೂ ಆಳವಾದ ಗೀರುಗಳು. ಮೊದಲು 16, ಆಮೇಲೆ ಎಂಟು, ಕೆಲವರಿಗೆ ನಾಲ್ಕೇ. ಗೀರಿದ ಅಂಚು ಸಡಿಲಗೊಂಡು ಹೊರಗುಬ್ಬಿದಾಗ ನಡುಭಾಗ ತಾನಾಗಿ ಚಪ್ಪಟೆಯಾಗುತ್ತಿತ್ತು. ಫ್ಯೊದರೊವ್‌ನ ಸಂಸ್ಥೆಯಲ್ಲಿ ರೋಗಿಗಳು ಮಲಗಿದ ಮೇಜುಗಳೇ ಸುತ್ತು ಹಾಕುತ್ತಿದ್ದವು. ಪ್ರತಿ ನಿಲ್ದಾಣದಲ್ಲೂ ಒಬ್ಬೊಬ್ಬ ಶಸ್ತ್ರವೈದ್ಯ ಒಂದೊಂದು ಹಂತವನ್ನಷ್ಟೇ ಮಾಡಿ ಮುಂದಕ್ಕೆ ಬಿಡುತ್ತಿದ್ದ. ಸಾಮೂಹಿಕ ಕಣ್ಣಿನ ಶಸ್ತ್ರಚಿಕಿತ್ಸೆ ಎಂದೊಡನೆ ಕನ್ನಡಿಗರಿಗೆ ಡಾ. ಎಂ. ಸಿ. ಮೋದಿಯವರ ಶಿಬಿರಗಳು ನೆನಪಾಗುವುದು ಸಹಜ. ವೇಗವೊಂದನ್ನು ಬಿಟ್ಟರೆ ಎರಡಕ್ಕೂ ಸಾಮ್ಯವಿಲ್ಲ. ಮೋದಿಯವರು ಪೊರೆ ತೆಗೆದು ಕಾಣದವರಿಗೆ ಕಾಣಿಸಿದರು. ಫ್ಯೊದರೊವ್‌ನ ಮೇಜಿನ ಮೇಲೆ ಮಲಗಿದವರಿಗೆ ಕನ್ನಡಕ ಹಾಕಿಕೊಂಡರೆ ಚೆನ್ನಾಗಿಯೇ ಕಾಣುತ್ತಿತ್ತು. ಆರೋಗ್ಯವಾದ ಕಣ್ಣಿಗೆ ಕತ್ತಿ ತಾಗಿಸಬಹುದೇ ಎಂಬ ಪ್ರಶ್ನೆ ಈ ಶಸ್ತ್ರಚಿಕಿತ್ಸೆಯನ್ನು ಅಲ್ಲಿಂದ ಇಲ್ಲಿಯವರೆಗೂ ಬಿಟ್ಟಿಲ್ಲ.

1978ರಲ್ಲಿ ರೇಡಿಯಲ್ ಕೆರಟಾಟಮಿ ಅಮೆರಿಕಕ್ಕೆ ಹೋಯಿತು, ಬೇಗನೆ ಹಬ್ಬಿತು. ಗೀರು ಹಾಕಿಸಿಕೊಂಡವರ ದೃಷ್ಟಿ ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ ಇರುತ್ತಿತ್ತು. ರಾತ್ರಿ ದೀಪಗಳ ಸುತ್ತ ಕಿರಣಗಳು ಚೆಲ್ಲಿದಂತೆ ಕಾಣುತ್ತಿದ್ದವು. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ನೆರವಿನಿಂದ ನಡೆದ ಪರ್ಕ್ ಅಧ್ಯಯನ ಒಂದೇ ಗುಂಪಿನ ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿತು. 1994ರಲ್ಲಿ ಬಂದ ಅದರ ವರದಿಯ ಪ್ರಕಾರ ನೂರರಲ್ಲಿ 43 ಕಣ್ಣುಗಳು ಒಂದು ಡಯಾಪ್ಟರ್ (ಕನ್ನಡಕದ ಪವರನ್ನು ಅಳೆಯುವ ಮಾನ) ಅಥವಾ ಅದಕ್ಕಿಂತ ಹೆಚ್ಚು ದೂರದೃಷ್ಟಿ ದೋಷದ ಕಡೆಗೆ ಜಾರಿದ್ದವು. ಗೀರುಗಳು ಪೂರ್ತಿ ಬೆಸೆದುಕೊಂಡಿರಲಿಲ್ಲ. ಕಾರ್ನಿಯಾ ವರ್ಷ ವರ್ಷವೂ ಇನ್ನಷ್ಟು ಚಪ್ಪಟೆಯಾಗುತ್ತಲೇ ಇತ್ತು. 1996ರ ಮೇ 10ರಂದು ಎವರೆಸ್ಟ್ ಏರುತ್ತಿದ್ದ ಅಮೆರಿಕದ ವೈದ್ಯ ಬೆಕ್ ವೆದರ್ಸ್‌ಗೆ 8,000 ಮೀಟರಿಗಿಂತ ಮೇಲೆ ಕಣ್ಣು ಕಾಣದಂತಾದದ್ದು ಈ ಗೀರುಗಳಿಂದಲೇ. ಆಮ್ಲಜನಕ ಕಡಿಮೆಯಾದ ಕಡೆ ಗೀರಿದ ಕಾರ್ನಿಯಾ ಊದಿ ಆಕಾರ ಬದಲಿಸುತ್ತದೆ. ಮಾರ್ಗದರ್ಶಿ ಮರಳಿ ಬರುವವರೆಗೆ ಕೂತಲ್ಲೇ ಕಾದ ಅವರು ಬಿರುಗಾಳಿಗೆ ಸಿಕ್ಕಿಬಿದ್ದರು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ.

ಇನ್ನೊಂದು ಎಳೆ ಕೊಲಂಬಿಯಾದ್ದು. ಬಾರ್ಸಿಲೋನಾದ ನೇತ್ರವೈದ್ಯರ ಮನೆತನದಲ್ಲಿ ಹುಟ್ಟಿ ಬೊಗೊಟಾದಲ್ಲಿ ನೆಲೆಸಿದ ಹೊಸೆ ಇಗ್ನಾಸಿಯೊ ಬರಾಕೆರ್ 1949ರಲ್ಲೇ ಬೇರೆ ಯೋಚನೆ ಮುಂದಿಟ್ಟಿದ್ದ: ಗೀರಿ ದುರ್ಬಲಗೊಳಿಸುವ ಬದಲು ಕಾರ್ನಿಯಾದಿಂದ ಬೇಕಾದಷ್ಟು ಭಾಗವನ್ನು ತೆಗೆದೇ ಬಿಡುವುದು. ಬಡಗಿಯ ಉಜ್ಜುಗೊರಡಿನ ತತ್ವದಲ್ಲಿ ಅವನು ಮಾಡಿಸಿದ ಮೈಕ್ರೋಕೆರಟೋಮ್ ಎಂಬ ಸಾಧನ ಕಾರ್ನಿಯಾದ ಮೇಲುಭಾಗವನ್ನು ತೆಳುವಾದ ಬಿಲ್ಲೆಯಾಗಿ ಎಬ್ಬಿಸುತ್ತಿತ್ತು. ಆ ಬಿಲ್ಲೆಯನ್ನು ಹೆಪ್ಪುಗಟ್ಟಿಸಿ, ಕಾಂಟ್ಯಾಕ್ಟ್ ಲೆನ್ಸ್ ಮಾಡುವಂಥ ಲೇತ್ ಯಂತ್ರದಲ್ಲಿ ಕಡೆದು, ಮತ್ತೆ ಕಣ್ಣಿಗೆ ಹೊಲಿಯುತ್ತಿದ್ದ. ಹೆಪ್ಪುಗಟ್ಟಿಸಿದಾಗ ಬಿಲ್ಲೆಯೊಳಗಿನ ಕೋಶಗಳು ಸಾಯುತ್ತಿದ್ದುದರಿಂದ ದೃಷ್ಟಿ ತಿಳಿಯಾಗಲು ಬಹಳ ಕಾಲ ಹಿಡಿಯುತ್ತಿತ್ತು. ಯಂತ್ರವೂ ದುಬಾರಿ, ಕೈಚಳಕವೂ ಎಲ್ಲರಿಗೂ ಒಲಿಯುವಂಥದ್ದಲ್ಲ. 1980ರ ದಶಕದಲ್ಲಿ ಬೊಗೊಟಾದವನೇ ಆದ ಲೂಯಿಸ್ ರೂಯಿಸ್ ಈ ಸಾಧನಕ್ಕೆ ಮೋಟಾರು ಜೋಡಿಸಿ, ಬಿಲ್ಲೆಯನ್ನು ಬಿಟ್ಟು ಅದರ ಕೆಳಗಿನ ಹಾಸಿನಿಂದಲೇ ಅಂಗಾಂಶ ತೆಗೆಯುವ ವಿಧಾನಕ್ಕೆ ಬಂದ. ಎರಡನೇ ಸಲ ಓಡಿಸಿದ ಅಲಗು ಎಷ್ಟು ಮೈಕ್ರಾನ್ ತೆಗೆಯುತ್ತದೆ ಎಂಬುದರ ಮೇಲೆ ಮಾತ್ರ ಹಿಡಿತ ಸಿಗಲಿಲ್ಲ.

ಆ ಹಿಡಿತ ಬಂದದ್ದು ಕಂಪ್ಯೂಟರ್ ತಯಾರಿಸುವ ಕಂಪನಿಯೊಂದರ ಪ್ರಯೋಗಾಲಯದಿಂದ. ನ್ಯೂಯಾರ್ಕ್ ರಾಜ್ಯದ ಯಾರ್ಕ್‌ಟೌನ್ ಹೈಟ್ಸ್‌ನಲ್ಲಿರುವ ಐಬಿಎಂ ಸಂಶೋಧನಾ ಕೇಂದ್ರದಲ್ಲಿ ಆರ್ಗಾನ್ ಮತ್ತು ಫ್ಲೋರಿನ್ ಅನಿಲಗಳಿಂದ 193 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಬೆಳಕು ಹೊಮ್ಮಿಸುವ ಎಕ್ಸೈಮರ್ ಲೇಸರ್ ಇತ್ತು. ಮದರಾಸು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದ ರಸಾಯನವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ 1961ರಿಂದ ಅಲ್ಲಿದ್ದರು. ಈ ಬೆಳಕು ಪ್ಲಾಸ್ಟಿಕ್ಕನ್ನು ಅಂಚು ಕರಗದ ಹಾಗೆ ಕೊರೆಯುವುದನ್ನು ಕಂಡಿದ್ದರು. ಸ್ಯಾಮ್ಯುಯಲ್ ಬ್ಲಮ್, ಜೇಮ್ಸ್ ವಿನ್ ಅವರ ಜೊತೆಗಾರರು. ಜೀವಂತ ಅಂಗಾಂಶದ ಮೇಲೆ ಇದು ಹೇಗೆ ಕೆಲಸ ಮಾಡಬಹುದೆಂಬ ಪ್ರಶ್ನೆ ಮೂವರಲ್ಲೂ ಇತ್ತು. 1981ರ ನವೆಂಬರ್ 27, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಶ್ರೀನಿವಾಸನ್ ಮನೆಯಲ್ಲಿ ಊಟ ಮಾಡಿ ಉಳಿದ ಟರ್ಕಿ ಕೋಳಿಯ ತುಂಡನ್ನು ಪ್ರಯೋಗಾಲಯಕ್ಕೆ ತಂದು ಲೇಸರಿನ ಮುಂದಿಟ್ಟರು. ಕೊರೆದ ಜಾಗ ಚೊಕ್ಕಟವಾಗಿತ್ತು, ಪಕ್ಕದ ಅಂಗಾಂಶ ಸುಟ್ಟಿರಲಿಲ್ಲ. ಹೋಲಿಕೆಗೆ ಬಳಸಿದ ಹಸಿರು ಲೇಸರ್ ಮಾಂಸವನ್ನು ಕರಕಲು ಮಾಡಿತ್ತು. ಮನುಷ್ಯನ ತಲೆಗೂದಲಿನ ಮೇಲೆ ಇದೇ ಲೇಸರಿನಿಂದ ಕಚ್ಚು ಕೊರೆದು ತೆಗೆದ ಚಿತ್ರ ಆಮೇಲೆ ಬಹಳ ಪ್ರಸಿದ್ಧವಾಯಿತು.

193 ನ್ಯಾನೋಮೀಟರ್ ಬೆಳಕಿನ ಒಂದೊಂದು ಫೋಟಾನಿನ ಶಕ್ತಿ 6.4 ಎಲೆಕ್ಟ್ರಾನ್ ವೋಲ್ಟ್. ಪ್ರೋಟೀನಿನ ಅಣುಬಂಧಗಳನ್ನು ನೇರವಾಗಿ ಕಡಿಯಲು ಅಷ್ಟು ಸಾಕು. ಅಂಗಾಂಶ ಈ ಬೆಳಕನ್ನು ಮೇಲ್ಮೈಯಲ್ಲೇ ಹೀರಿಕೊಳ್ಳುವುದರಿಂದ ಅದು ಒಳಗೆ ಇಳಿಯುವುದಿಲ್ಲ. ಕಡಿದ ತುಣುಕುಗಳು ಶಾಖವನ್ನು ತಮ್ಮೊಂದಿಗೇ ಹೊತ್ತು ಹಾರಿಹೋಗುತ್ತವೆ. ಒಂದು ಮಿಡಿತಕ್ಕೆ ಸವೆಯುವುದು ಸುಮಾರು ಕಾಲು ಮೈಕ್ರಾನ್. ಯಾವ ಅಲಗಿಗೂ ಸಾಧ್ಯವಾಗದ ಲೆಕ್ಕಾಚಾರ ಇದರಿಂದ ಸಾಧ್ಯವಾಯಿತು. ಬ್ಲಮ್, ಶ್ರೀನಿವಾಸನ್, ವಿನ್ ಮೂವರಿಗೂ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ 2013ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಪದಕ ಪ್ರದಾನ ಮಾಡಿದರು.

ಕೊಲಂಬಿಯಾ ವಿಶ್ವವಿದ್ಯಾಲಯದ ನೇತ್ರತಜ್ಞ ಸ್ಟೀಫನ್ ಟ್ರೊಕೆಲ್ 1983ರಲ್ಲಿ ಯಾರ್ಕ್‌ಟೌನ್‌ಗೆ ಹೋಗಿ ಶ್ರೀನಿವಾಸನ್ ಜೊತೆ ಕರುಗಳ ಕಣ್ಣಿನ ಮೇಲೆ ಈ ಲೇಸರ್ ಪ್ರಯೋಗಿಸಿದ. ಅದೇ ವರ್ಷ ಪ್ರಬಂಧ ಪ್ರಕಟವಾಯಿತು. ಮೊದಲ ಯೋಚನೆ ಫ್ಯೊದರೊವ್‌ನ ಗೀರುಗಳನ್ನೇ ಲೇಸರಿನಿಂದ ಹಾಕುವುದಾಗಿತ್ತು ಎಂಬುದು ಈಗ ಸೋಜಿಗವೆನಿಸುತ್ತದೆ. ಗೀರುವುದರ ಬದಲು ನಡುಭಾಗವನ್ನೇ ಸವೆಸಿ ಹೊಸ ಬಾಗು ಕೊಡಬಹುದು ಎಂಬುದು ಬೇಗನೆ ಸ್ಪಷ್ಟವಾಯಿತು. ಎಷ್ಟು ಸವೆಸಬೇಕೆಂಬ ಸೂತ್ರವನ್ನು ಚಾರ್ಲ್ಸ್ ಮನರ್‌ಲಿನ್ ರೂಪಿಸಿದ: ಸವೆಸುವ ವೃತ್ತದ ವ್ಯಾಸದ ವರ್ಗವನ್ನು ಡಯಾಪ್ಟರಿನಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಮೈಕ್ರಾನ್ ಲೆಕ್ಕದಲ್ಲಿ ಆಳ ಸಿಗುತ್ತದೆ. 6 ಮಿಲಿಮೀಟರ್ ವೃತ್ತದಲ್ಲಿ ಒಂದು ಡಯಾಪ್ಟರಿಗೆ 12 ಮೈಕ್ರಾನ್. ಮೈನಸ್ ನಾಲ್ಕು ಪವರ್ ಇದ್ದವರಿಗೆ 48 ಮೈಕ್ರಾನ್. ಇದೇ ಸೂತ್ರ ಚಿಕಿತ್ಸೆಯ ಮಿತಿಯನ್ನೂ ಹೇಳುತ್ತದೆ. ಪವರ್ ಹೆಚ್ಚಿದಷ್ಟೂ ಸವೆಸಬೇಕಾದ ದಪ್ಪ ಹೆಚ್ಚು, ಕಾರ್ನಿಯಾದಲ್ಲಿ ಇರುವ ದಪ್ಪವಾದರೋ ಅಷ್ಟೇ.

1985ರಲ್ಲಿ ಬರ್ಲಿನ್ನಿನ ಥಿಯೊ ಸೈಲರ್ ಕುರುಡಾದ ಕಣ್ಣುಗಳ ಮೇಲೆ ಎಕ್ಸೈಮರ್ ಬಳಸಿದ. ಕಾಣುವ ಕಣ್ಣಿನ ಮೇಲೆ ಬಳಸಲು ಒಪ್ಪಿಗೆ ಸಿಗುವುದು ಸುಲಭವಿರಲಿಲ್ಲ. 1988ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ, ಕಣ್ಣುಗೂಡಿನ ಕ್ಯಾನ್ಸರಿನಿಂದಾಗಿ ಒಂದು ಕಣ್ಣನ್ನು ತೆಗೆಸಿಕೊಳ್ಳಲೇಬೇಕಾಗಿದ್ದ ಮಹಿಳೆಯೊಬ್ಬರು ಹೇಗೂ ಹೋಗುವ ಆ ಕಣ್ಣನ್ನು ಪ್ರಯೋಗಕ್ಕೆ ಕೊಡಲು ತಾವಾಗಿ ಮುಂದೆ ಬಂದರು. ಮಾರ್ಗರೀಟ್ ಮೆಕ್‌ಡೊನಾಲ್ಡ್ ನಡೆಸಿದ ಆ ಚಿಕಿತ್ಸೆಯ ನಂತರ ಕೆಲವೇ ದಿನಗಳಲ್ಲಿ ಕಣ್ಣನ್ನು ತೆಗೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸಲಾಯಿತು. ಗಾಯ ಚೆನ್ನಾಗಿ ಮಾಯುತ್ತಿತ್ತು. ಕನ್ನಡಕ ಬಿಡಿಸುವ ಒಂದು ಚಿಕಿತ್ಸೆ ಇಷ್ಟು ದೊಡ್ಡ ಔದಾರ್ಯದಿಂದ ಆರಂಭವಾಯಿತು ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಹೀಗೆ ಬಂದದ್ದು ಪಿಆರ್‌ಕೆ. ಇದರಲ್ಲಿ ಮೇಲಿನ ಎಪಿಥೀಲಿಯಂ ಕೆರೆದು ತೆಗೆದು, ಕೆಳಗಿನ ಮೇಲ್ಮೈಯನ್ನು ಲೇಸರಿನಿಂದ ಸವೆಸಿ, ಬ್ಯಾಂಡೇಜಿನಂತೆ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಇಟ್ಟು ಕಳಿಸುತ್ತಾರೆ. ಮರಗಟ್ಟಿಸುವ ಹನಿಯ ಪ್ರಭಾವ ಇಳಿದ ಮೇಲೆ ತೆರೆದ ನರತುದಿಗಳು ಮೊದಲ ಎರಡು–ಮೂರು ದಿನ ತೀವ್ರವಾಗಿ ನೋಯುತ್ತವೆ; ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚು, ನೀರು, ಬೆಳಕಿಗೆ ಕಣ್ಣು ಬಿಡಲಾಗದ ಸ್ಥಿತಿ. ಚರ್ಮ ಮುಚ್ಚಿಕೊಂಡ ಮೇಲೆ, ನಾಲ್ಕು–ಐದು ದಿನಕ್ಕೆ, ಲೆನ್ಸ್ ತೆಗೆಯುತ್ತಾರೆ. ಆದರೂ ದೃಷ್ಟಿ ಕುದುರಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಅದಕ್ಕಿಂತ ದೊಡ್ಡ ತಲೆನೋವು ಹೇಜ್ ಎಂದು ವೈದ್ಯರು ಕರೆಯುವ ಮಸುಕು. ಸವೆಸಿದ ಸ್ಟ್ರೋಮಾದಲ್ಲಿ ಅಸ್ತವ್ಯಸ್ತ ಎಳೆಗಳು ಹುಟ್ಟಿ, ಹೆಚ್ಚು ಪವರ್ ತಿದ್ದಿದವರಲ್ಲಿ ದೃಷ್ಟಿಯ ಮೇಲೆ ತೆಳುವಾದ ಪರದೆ ಕಟ್ಟುತ್ತಿತ್ತು. ಬಿಸಿಲಿನ ಅತಿನೇರಳೆ ಕಿರಣ ಅದನ್ನು ಇನ್ನೂ ಹೆಚ್ಚಿಸುತ್ತದೆ. ಶಸ್ತ್ರಚಿಕಿತ್ಸೆ ಆದವರಿಗೆ ತಿಂಗಳುಗಟ್ಟಲೆ ಹಾಕಲು ಹೇಳುವ ಸ್ಟೆರಾಯ್ಡ್ ಹನಿ, ಬಿಸಿಲಿಗೆ ಹೋದರೆ ಕಪ್ಪು ಕನ್ನಡಕ ಎಂಬ ಕಟ್ಟಪ್ಪಣೆ ಎರಡೂ ಆ ಕಾಲದವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪಿಆರ್‌ಕೆಗೆ 1995ರಲ್ಲಿ ಒಪ್ಪಿಗೆ ಕೊಡುವ ಹೊತ್ತಿಗೆ ಅದರ ಪ್ರತಿಸ್ಪರ್ಧಿ ಆಗಲೇ ಹುಟ್ಟಿಯಾಗಿತ್ತು.

ಕ್ರೀಟ್ ದ್ವೀಪದ ವಿಶ್ವವಿದ್ಯಾಲಯದಲ್ಲಿ ಇಯೋನಿಸ್ ಪಾಲಿಕಾರಿಸ್ 1989–90ರ ಹೊತ್ತಿಗೆ ಬರಾಕೆರ್‌ನ ಬಿಲ್ಲೆಯನ್ನೂ ಐಬಿಎಂನ ಲೇಸರನ್ನೂ ಒಂದುಗೂಡಿಸಿದ. ಬಿಲ್ಲೆಯನ್ನು ಪೂರ್ತಿ ಕತ್ತರಿಸದೆ ಒಂದು ಅಂಚಿನಲ್ಲಿ ಉಳಿಸಿಕೊಂಡು, ಪುಸ್ತಕದ ಹಾಳೆಯಂತೆ ಮಗುಚಿ, ಕೆಳಗಿನ ಹಾಸನ್ನು ಲೇಸರಿನಿಂದ ಸವೆಸಿ, ಮತ್ತೆ ಮುಚ್ಚುವುದು ಅವನ ವಿಧಾನ. ಮಿಲಾನಿನ ಲೂಚಿಯೊ ಬುರಾಟ್ಟೊ ಅದೇ ಕಾಲಕ್ಕೆ ಹತ್ತಿರದ ದಾರಿಯಲ್ಲಿದ್ದ; ಅಮೆರಿಕದಲ್ಲಿ ಘೊಲಾಮ್ ಪೇಮನ್ ಇಂಥ ವಿಧಾನದ ಮೇಲೆ 1989ರಲ್ಲೇ ಪೇಟೆಂಟ್ ಪಡೆದಿದ್ದ. ಇದೇ ಲ್ಯಾಸಿಕ್. ಲೇಸರ್ ಮೊದಲಿನದೇ, ಬದಲಾದದ್ದು ಗಾಯದ ಜಾಗ. ಎಪಿಥೀಲಿಯಂ ತನ್ನ ಜಾಗದಲ್ಲೇ ಉಳಿಯುವುದರಿಂದ ನೋವು ಕೆಲವು ತಾಸಿನದು, ಮಸುಕು ಅಪರೂಪ, ಮರುದಿನವೇ ದೃಷ್ಟಿ. ಈ ಒಂದು ಅನುಕೂಲದ ಬಲದ ಮೇಲೆ ಲ್ಯಾಸಿಕ್ 1990ರ ದಶಕದ ಕೊನೆಗೆ ಜಗತ್ತಿನ ಅತ್ಯಂತ ಜನಪ್ರಿಯ ಐಚ್ಛಿಕ ಶಸ್ತ್ರಚಿಕಿತ್ಸೆಗಳಲ್ಲಿ ಒಂದಾಯಿತು. ಕರ್ನಾಟಕದ ದೊಡ್ಡ ಊರುಗಳ ಕಣ್ಣಾಸ್ಪತ್ರೆಗಳಿಗೂ ಬಂತು.

ಲ್ಯಾಸಿಕ್ ಮಾಡಿಸಿಕೊಳ್ಳುವವರ ಅನುಭವ ಅಂದಿನಿಂದ ಇಂದಿಗೆ ಹೆಚ್ಚು ಬದಲಾಗಿಲ್ಲ. ಇಂಜೆಕ್ಷನ್ ಇಲ್ಲ, ಮರಗಟ್ಟಿಸುವ ಹನಿ ಹಾಕಿ, ರೆಪ್ಪೆ ಮುಚ್ಚದಂತೆ ತಂತಿಯ ಹಿಡಿ ಇಡುತ್ತಾರೆ. ಕಣ್ಣನ್ನು ಅಲುಗಾಡದಂತೆ ಹಿಡಿಯುವ ಉಂಗುರ ಒತ್ತಿದಾಗ ನೋವಿಗಿಂತ ಹೆಚ್ಚಾಗಿ ಭಾರ ಗೊತ್ತಾಗುತ್ತದೆ. ಕೆಲವು ಕ್ಷಣ ನೋಟ ಮಬ್ಬಾಗುತ್ತದೆ ಅಥವಾ ಪೂರ್ತಿ ಕತ್ತಲಾಗುತ್ತದೆ. ಬಿಲ್ಲೆ ಎತ್ತಿದ ಮೇಲೆ ಮಿನುಗುವ ಬೆಳಕನ್ನೇ ನೋಡುತ್ತಿರಬೇಕು. ಕಣ್ಣು ತುಸು ಕದಲಿದರೆ ಯಂತ್ರವೇ ಹಿಂಬಾಲಿಸುತ್ತದೆ, ಹೆಚ್ಚು ಕದಲಿದರೆ ನಿಲ್ಲುತ್ತದೆ. ಲೇಸರ್ ಬೀಳುತ್ತಿರುವಾಗ ಟಕಟಕ ಸದ್ದು, ಜೊತೆಗೆ ಕೂದಲು ಸುಟ್ಟಂಥ ವಾಸನೆ ಬರುತ್ತದೆ. ಏನೂ ಸುಟ್ಟಿರುವುದಿಲ್ಲ, ಆವಿಯಾದ ಪ್ರೋಟೀನಿನ ವಾಸನೆ ಅದು. ಒಂದು ಕಣ್ಣಿಗೆ ಲೇಸರ್ ಬೀಳುವುದು ಸಾಮಾನ್ಯವಾಗಿ ಒಂದು ನಿಮಿಷಕ್ಕೂ ಕಡಿಮೆ. ಮನೆಗೆ ಹೋದ ಮೇಲೆ ನಾಲ್ಕಾರು ತಾಸು ಉರಿ, ನೀರು. ಮಲಗಿ ಎದ್ದರೆ ಬಹುಮಂದಿಗೆ ಗೋಡೆಯ ಗಡಿಯಾರ ಕನ್ನಡಕವಿಲ್ಲದೆ ಕಾಣುತ್ತದೆ. ಮರುದಿನ ತಪ್ಪದೆ ತಪಾಸಣೆಗೆ ಬರಲು ಹೇಳುವುದು ಬಿಲ್ಲೆಯಲ್ಲಿ ಸುಕ್ಕು ಬಿದ್ದಿದೆಯೇ, ಅದರ ಕೆಳಗೆ ಉರಿಯೂತ ಕಾಣಿಸಿಕೊಂಡಿದೆಯೇ ಎಂದು ನೋಡಲು. ಎರಡನ್ನೂ ಬೇಗ ಕಂಡುಹಿಡಿದರೆ ಸರಿಪಡಿಸುವುದು ಸುಲಭ.

ಚೀಟಿಯ ಉಳಿದ ಸಾಲುಗಳಿಗೂ ಕಾರಣಗಳಿವೆ. ಬಿಲ್ಲೆಯ ಅಂಚು ಬೇಗ ಬೆಸೆದುಕೊಳ್ಳುತ್ತದೆ, ಆದರೆ ರಕ್ತನಾಳಗಳಿಲ್ಲದ ಸ್ಟ್ರೋಮಾದಲ್ಲಿ ನಡುಭಾಗ ಎಂದೂ ಮೊದಲಿನಷ್ಟು ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ. ಬಲವಾದ ಪೆಟ್ಟು ಬಿದ್ದು ವರ್ಷಗಳ ನಂತರ ಬಿಲ್ಲೆ ಸರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕಣ್ಣುಜ್ಜಬಾರದು, ಮೊದಲ ರಾತ್ರಿಗಳಲ್ಲಿ ಪಾರದರ್ಶಕ ಮುಚ್ಚಳ ಕಟ್ಟಿಕೊಂಡು ಮಲಗಬೇಕು, ಕೆಲವು ವಾರ ಈಜು ಬೇಡ, ಕಣ್ಣಿಗೆ ಚೆಂಡು ತಾಗಬಹುದಾದ ಆಟಗಳಲ್ಲಿ ಎಚ್ಚರವಿರಲಿ ಎಂಬ ಸೂಚನೆಗಳು ಹುಟ್ಟಿದ್ದು ಇಲ್ಲಿಂದ. ಬಿಲ್ಲೆ ಎಬ್ಬಿಸುವಾಗ ನರಗಳೂ ಕಡಿದುಹೋಗುತ್ತವೆ. ಕಣ್ಣು ಒಣಗಿದೆ ಎಂಬ ಸುದ್ದಿ ನರಗಳ ಮೂಲಕ ಹೋದರೆ ತಾನೆ ಕಣ್ಣೀರು ಸುರಿಯುವುದು? ಕಡಿದ ನರಗಳು ಮತ್ತೆ ಬೆಳೆಯಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಕೃತಕ ಕಣ್ಣೀರಿನ ಹನಿ. ದಿನವಿಡೀ ಕಂಪ್ಯೂಟರ್ ಪರದೆ ನೋಡುತ್ತ ರೆಪ್ಪೆ ಬಡಿಯುವುದನ್ನೇ ಮರೆಯುವವರಿಗೆ ಈ ಒಣಗು ಹೆಚ್ಚು ಕಾಡುತ್ತದೆ.

ಲ್ಯಾಸಿಕ್‌ನ ಗಂಭೀರ ದೋಷವನ್ನು ಬಯಲಿಗೆ ತಂದವರಲ್ಲಿ ಮೊದಲಿಗ ಈ ಲೇಸರನ್ನು ಮೊದಲು ಬಳಸಿದವರಲ್ಲೇ ಒಬ್ಬನಾದ ಸೈಲರ್. ಸವೆದು ತೆಳುವಾದ ಕಾರ್ನಿಯಾ ಕಣ್ಣಿನ ಒಳಒತ್ತಡ ತಾಳಲಾರದೆ ನಿಧಾನವಾಗಿ ಮುಂದಕ್ಕೆ ಉಬ್ಬುವ ಎಕ್ಟೇಸಿಯಾವನ್ನು ಅವನು 1998ರಲ್ಲಿ ವರದಿ ಮಾಡಿದ. ಬಿಲ್ಲೆಯ ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಸಬೇಕೆಂಬ ನಿಯಮ ಬಳಕೆಗೆ ಬಂತು. ಕೆರಟೋಕೋನಸ್‌ನ ಸುಳಿವಿರುವ ಕಣ್ಣುಗಳನ್ನು ಮೊದಲೇ ಪತ್ತೆ ಮಾಡಲು ಕಾರ್ನಿಯಾದ ಏರಿಳಿತವನ್ನು ಬಣ್ಣಗಳಲ್ಲಿ ತೋರಿಸುವ ಟೊಪೋಗ್ರಫಿ ಪರೀಕ್ಷೆ ಕಡ್ಡಾಯವೆನಿಸಿತು. ಶಸ್ತ್ರಚಿಕಿತ್ಸೆಗೆ ಒಂದೆರಡು ವಾರ ಮೊದಲೇ ಕಾಂಟ್ಯಾಕ್ಟ್ ಲೆನ್ಸ್ ನಿಲ್ಲಿಸಲು ಹೇಳುವುದು ಈ ಅಳತೆಗಾಗಿ. ಲೆನ್ಸ್ ಒತ್ತಿದ ಕಾರ್ನಿಯಾ ತನ್ನ ನಿಜವಾದ ಆಕಾರಕ್ಕೆ ಮರಳಲು ಸಮಯ ಬೇಕು, ಗಟ್ಟಿ ಲೆನ್ಸ್ ಹಾಕುವವರಿಗೆ ಇನ್ನೂ ಹೆಚ್ಚು. ಹದಿನೆಂಟು ದಾಟಿರಬೇಕು, ವರ್ಷದಿಂದೀಚೆಗೆ ಪವರ್ ಬದಲಾಗಿರಬಾರದು, ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಕಾಯಬೇಕು ಎಂಬ ನಿಬಂಧನೆಗಳ ಹಿಂದಿರುವುದೂ ಅಳತೆ ಸ್ಥಿರವಾಗಿರಬೇಕೆಂಬ ಕಾಳಜಿಯೇ. ಉಬ್ಬತೊಡಗಿದ ಕಾರ್ನಿಯಾವನ್ನು ರೈಬೊಫ್ಲೇವಿನ್ ಹನಿ ಮತ್ತು ಅತಿನೇರಳೆ ಬೆಳಕಿನಿಂದ ಬಿಗಿಗೊಳಿಸುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆಯನ್ನು ಕಂಡುಹಿಡಿದದ್ದು ಡ್ರೆಸ್ಡೆನ್‌ನಲ್ಲಿ, ಸೈಲರ್ ಕೂಡ ಇದ್ದ ತಂಡ.

ಅಳತೆಗೆ ಸಿಗದ ದೂರುಗಳು ತಡವಾಗಿ ಕಿವಿಗೆ ಬಿದ್ದವು. ತಪಾಸಣೆಯ ಅಕ್ಷರಪಟ್ಟಿಯ ಕೊನೆಯ ಸಾಲನ್ನೂ ಓದುವವರು ರಾತ್ರಿ ವಾಹನ ಓಡಿಸಲು ಹೆದರುತ್ತಿದ್ದರು. ಎದುರಿನ ದೀಪಗಳ ಸುತ್ತ ಬಳೆ, ಕಿರಣ, ಜೋಡಿ ಬಿಂಬ. ಕೆಲವರಿಗೆ ಒಣಗು ತಿಂಗಳುಗಳಲ್ಲಿ ನೀಗದೆ ಬಿಡದ ನೋವಾಯಿತು. 2008ರ ಏಪ್ರಿಲ್‌ನಲ್ಲಿ ಎಫ್‌ಡಿಎ ನಡೆಸಿದ ಸಾರ್ವಜನಿಕ ವಿಚಾರಣೆಯಲ್ಲಿ ಇಂಥ ರೋಗಿಗಳೂ ಕುಟುಂಬದವರೂ ಬಂದು ಮಾತಾಡಿದರು. ಅದರ ಫಲವಾಗಿ ನಡೆದ ಪ್ರೌಲ್ ಅಧ್ಯಯನಗಳಲ್ಲಿ ಮೊದಲು ಯಾವ ತೊಂದರೆಯೂ ಇಲ್ಲದಿದ್ದವರಲ್ಲಿ ನೂರಕ್ಕೆ 46ರವರೆಗೆ ಜನ ಮೂರು ತಿಂಗಳ ನಂತರ ಬಳೆ, ಕಿರಣಗಳಂಥ ಒಂದಾದರೂ ಹೊಸ ತೊಂದರೆ ಹೇಳಿದರು. ಒಣಕಣ್ಣಿನ ಲಕ್ಷಣ ಹೊಸದಾಗಿ ಕಂಡವರು ನೂರಕ್ಕೆ 30ರವರೆಗೆ. ದಿನನಿತ್ಯದ ಕೆಲಸಕ್ಕೆ ತೀರಾ ಅಡ್ಡಿಯಾಯಿತೆಂದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ದೃಷ್ಟಿಯ ಬಗ್ಗೆ ತೃಪ್ತರು ನೂರಕ್ಕೆ 95ಕ್ಕಿಂತ ಹೆಚ್ಚು. ಈ ಅಂಕಿಗಳಲ್ಲಿ ಮೊದಲ ಅರ್ಧವನ್ನೋ ಕೊನೆಯ ಅರ್ಧವನ್ನೋ ಮಾತ್ರ ಎತ್ತಿ ತೋರಿಸುವುದು ಲ್ಯಾಸಿಕ್‌ನ ಪರ–ವಿರೋಧ ಎರಡೂ ಕಡೆಯವರಿಗೆ ರೂಢಿಯಾಗಿದೆ.

ಅಲಗು ಕೈಬಿಟ್ಟದ್ದು ಒಂದು ಅಪಘಾತದಿಂದ. 1993ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಜೆರಾರ್ಡ್ ಮೂರೂ ಎಂಬ ಭೌತವಿಜ್ಞಾನಿಯ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬನ ಕಣ್ಣಿಗೆ ಅತಿ ಕ್ಷಿಪ್ರ ಮಿಡಿತಗಳ ಫೆಮ್ಟೋಸೆಕೆಂಡ್ ಲೇಸರ್ ಬಡಿಯಿತು. ಪರೀಕ್ಷಿಸಿದ ಯುವ ವೈದ್ಯ ರಾನ್ ಕರ್ಟ್ಜ್‌ಗೆ ಅಚ್ಚರಿ ತಂದದ್ದು ಗಾಯದ ಚೊಕ್ಕಟತನ; ಸುತ್ತಲಿನ ಅಂಗಾಂಶಕ್ಕೆ ಏನೂ ಆಗಿರಲಿಲ್ಲ. ಈ ಅತಿಗೆಂಪು ಲೇಸರ್ ಕಾರ್ನಿಯಾದ ಮೂಲಕ ಹಾದು ತನ್ನ ಗುರಿಯ ಬಿಂದುವಿನಲ್ಲಷ್ಟೇ ಸೂಕ್ಷ್ಮ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಅಲಗಿಲ್ಲದೆ ಪದರ ಬಿಡಿಸಬಹುದು. ಕರ್ಟ್ಜ್, ಟಿಬೊರ್ ಯುಹಾಸ್ ಸೇರಿ ಕಟ್ಟಿದ ಕಂಪನಿಯ ಯಂತ್ರ 2000ದ ದಶಕದಲ್ಲಿ ಮೈಕ್ರೋಕೆರಟೋಮ್‌ನ ಜಾಗ ಹಿಡಿಯಿತು, ಬಿಲ್ಲೆ ಸುಮಾರು 100 ಮೈಕ್ರಾನಿಗೆ ತೆಳುವಾಯಿತು. ಇಂಥ ಲೇಸರಿಗೆ ಅಡಿಪಾಯ ಹಾಕಿದ ಜೆರಾರ್ಡ್ ಮೂರೂ ಮತ್ತು ಡೊನಾ ಸ್ಟ್ರಿಕ್‌ಲೆಂಡ್‌ಗೆ 2018ರ ಭೌತವಿಜ್ಞಾನದ ನೊಬೆಲ್‌ನಲ್ಲಿ ಪಾಲು ಬಂತು.

ಬಿಲ್ಲೆಯನ್ನೇ ಬಿಟ್ಟುಬಿಡುವ ವಿಧಾನ ಸ್ಮೈಲ್. ಕಾರ್ನಿಯಾದೊಳಗೇ ತೆಳುವಾದ ಮಸೂರದಂಥ ತುಂಡನ್ನು ಫೆಮ್ಟೋಸೆಕೆಂಡ್ ಲೇಸರಿನಿಂದ ಬಿಡಿಸಿ, ಎರಡರಿಂದ ನಾಲ್ಕು ಮಿಲಿಮೀಟರಿನ ಸೀಳಿನಿಂದ ಹೊರಗೆಳೆಯುತ್ತಾರೆ. ಜರ್ಮನಿಯ ವಾಲ್ಟರ್ ಸೆಕುಂಡೊ, ಮಾರ್ಕುಸ್ ಬ್ಲುಮ್ ಇದನ್ನು ಬೆಳೆಸಿದರು. ಇದರ ಮೊದಲ ಫಲಿತಾಂಶಗಳನ್ನು 2011ರಲ್ಲಿ ಪ್ರಕಟಿಸಿದವರಲ್ಲಿ ವಡೋದರಾದ ರೂಪಲ್ ಶಾ ತಂಡವೂ ಇತ್ತು. ಎಫ್‌ಡಿಎ ಒಪ್ಪಿಗೆ ಬಂದದ್ದು 2016ರಲ್ಲಿ. ಕಡಿಯುವ ನರಗಳು ಕಡಿಮೆ, ಸರಿಯಲು ಬಿಲ್ಲೆಯೇ ಇಲ್ಲ. ಮೊದಲ ದಿನಗಳ ನೋಟ ಮಾತ್ರ ಲ್ಯಾಸಿಕ್‌ಗಿಂತ ತುಸು ನಿಧಾನವಾಗಿ ತಿಳಿಯಾಗುತ್ತದೆ. ಇತ್ತ ಹಳತೆಂದು ಮೂಲೆಗೆ ಸರಿದಿದ್ದ ಪಿಆರ್‌ಕೆಯೂ ಮರಳಿತು. ಮೈಟೊಮೈಸಿನ್ ಎಂಬ ಕ್ಯಾನ್ಸರ್ ಔಷಧವನ್ನು ಕೆಲವು ಸೆಕೆಂಡು ತಾಗಿಸಿದರೆ ಮಸುಕು ಕಟ್ಟುವುದು ಬಹಳ ಕಡಿಮೆಯಾಗುತ್ತದೆಂದು ಗೊತ್ತಾದ ಮೇಲೆ, ತೆಳು ಕಾರ್ನಿಯಾದವರಿಗೂ ಪೆಟ್ಟು ತಿನ್ನುವ ವೃತ್ತಿಯವರಿಗೂ ಅದೇ ಸುರಕ್ಷಿತವೆನಿಸಿತು. ಅಮೆರಿಕದ ನೌಕಾಪಡೆ 1990ರ ದಶಕದಲ್ಲೇ ತನ್ನ ಸೈನಿಕರ ಮೇಲೆ ಪಿಆರ್‌ಕೆಯನ್ನು ಪರೀಕ್ಷಿಸಿತ್ತು. 2007ರಿಂದ ನಾಸಾ ಲೇಸರ್ ಮಾಡಿಸಿಕೊಂಡವರಿಗೂ ಗಗನಯಾತ್ರಿಯಾಗಲು ಅವಕಾಶ ಕೊಟ್ಟಿತು.

ಈ ಯಾವ ವಿಧಾನವೂ ಚಾಳೀಸನ್ನು ತಡೆಯುವುದಿಲ್ಲ. ನಲವತ್ತರ ನಂತರ ಗಡಸಾಗುವುದು ಕಣ್ಣಿನೊಳಗಿನ ಮಸೂರ. ಲೇಸರ್ ಮುಟ್ಟುವುದು ಕಾರ್ನಿಯಾವನ್ನು ಮಾತ್ರ. ಇಪ್ಪತ್ತೈದರಲ್ಲಿ ಮೈನಸ್ ಕನ್ನಡಕ ಬಿಟ್ಟವರಿಗೆ ನಲವತ್ತೈದರಲ್ಲಿ ಪತ್ರಿಕೆ ಓದಲು ಪ್ಲಸ್ ಕನ್ನಡಕ ಬೇಕಾಗುತ್ತದೆ. 1990ರ ದಶಕದಲ್ಲಿ ಲೇಸರ್ ಮಾಡಿಸಿಕೊಂಡ ಮೊದಲ ತಲೆಮಾರು ಈಗ ಪೊರೆ ಬರುವ ವಯಸ್ಸಿಗೆ ಮುಟ್ಟಿದೆ, ಅಲ್ಲಿ ಹೊಸದೊಂದು ತೊಡಕು ಎದುರಾಗಿದೆ. ಪೊರೆ ತೆಗೆದ ಮೇಲೆ ಇಡುವ ಕೃತಕ ಮಸೂರದ ಪವರನ್ನು ಕಾರ್ನಿಯಾದ ಬಾಗಿನಿಂದ ಲೆಕ್ಕ ಹಾಕುತ್ತಾರೆ. ಕಾರ್ನಿಯಾದ ಮುಂದಿನ ಮೈಗೂ ಹಿಂದಿನ ಮೈಗೂ ಇರುವ ಸಹಜ ಅನುಪಾತವನ್ನು ನಂಬಿ ಮಾಡಿದ ಹಳೆಯ ಸೂತ್ರಗಳು ಮುಂದಿನ ಮೈ ಮಾತ್ರ ಸವೆದ ಕಣ್ಣಿಗೆ ತಪ್ಪು ಮಸೂರ ತೋರಿಸುತ್ತವೆ. ಸಮೀಪದೃಷ್ಟಿ ತಿದ್ದಿಸಿಕೊಂಡವರು ಪೊರೆ ತೆಗೆಸಿದ ಮೇಲೆ ಪ್ಲಸ್ ಪವರಿನವರಾಗಿಬಿಡುತ್ತಾರೆ. ಅಂಥವರಿಗಾಗಿಯೇ ಬೇರೆ ಸೂತ್ರಗಳು ಬಂದಿವೆ. ಕಣ್ಣಿನ ಒತ್ತಡದ ಅಳತೆಯೂ ತೆಳುವಾದ ಕಾರ್ನಿಯಾದಲ್ಲಿ ಇರುವುದಕ್ಕಿಂತ ಕಡಿಮೆ ತೋರುವುದರಿಂದ ಗ್ಲಾಕೋಮಾ ಕಣ್ಣು ತಪ್ಪಿಸಬಹುದು. ಹಾಗಾಗಿ ಲೇಸರಿಗೆ ಮುಂಚಿನ ಕಾರ್ನಿಯಾದ ಅಳತೆ, ದಪ್ಪ, ಕನ್ನಡಕದ ಪವರ್ ಇರುವ ಕಾಗದಗಳನ್ನು ಜೋಪಾನವಾಗಿಡಿ ಎಂದು ಈಗಿನ ವೈದ್ಯರು ಹೇಳುತ್ತಾರೆ, ಮುಂದೆ ಯಾವ ಕಣ್ಣಿನ ವೈದ್ಯರ ಬಳಿ ಹೋದರೂ ಲೇಸರ್ ಆಗಿರುವ ಸಂಗತಿಯನ್ನು ಮೊದಲೇ ತಿಳಿಸುವಂತೆಯೂ ಸೇರಿಸುತ್ತಾರೆ.